ಬಂದೂಕಿನ ಊರಿನಲ್ಲಿ ಒಂದು ಗುಬ್ಬಿ

“ನಿಮ್ಮ ಮಗಳು ಬಂದೂಕು ಹಿಡೀತಾಳಂತಲ್ಲ, ಹೌದಾ?” ಎಂದು ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದರೆ ನನ್ನ ತಾಯಿಯ ಮುಖ ಸಣ್ಣದಾಗುತ್ತದೆ. “ಆಟದ್ದು ಕಣ್ರೀ, ಗಾಳೀದು” ಎಂದು ಸಮಜಾಯಿಷಿ ಕೊಡುತ್ತಾರೆ. ಅಜ್ಜಿಯ ಮಾತು ಸುಳ್ಳೇನಲ್ಲ. ನನ್ನ ಮಗಳು ಮೈಸೂರಿನ ಹೈಸ್ಕೂಲಿನಲ್ಲಿ ಎನ್.ಸಿ.ಸಿ. ಸೇರಿ, ಅಲ್ಲಿಂದ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯ ಹುಚ್ಚು ಹತ್ತಿಸಿಕೊಂಡವಳು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ವೈಯಕ್ತಿಕ ವಿಭಾಗದ ಮೊಟ್ಟಮೊದಲ ಒಲಿಂಪಿಕ್ ಚಿನ್ನ ತಂದುಕೊಟ್ಟದ್ದು ಇದೇ ಸ್ಪರ್ಧೆಯಲ್ಲಿ. ಹತ್ತು ಮೀಟರ್ ದೂರದ ಕಾಗದದ ಗುರಿಯ ನಟ್ಟನಡುವೆ ಹತ್ತು ಅಂಕದ ಚುಕ್ಕಿಯೊಂದಿದೆ. ಅದರ ಅಗಲ ಬರೀ ಅರ್ಧ ಮಿಲಿಮೀಟರ್. ಈ ವಾಕ್ಯದ ಕೊನೆಯಲ್ಲಿರುವ ಚುಕ್ಕಿಯಷ್ಟು ಎನ್ನಿ. ನಿಂತುಕೊಂಡು, ಒಂದು ಗಂಟೆ ಹದಿನೈದು ನಿಮಿಷದಲ್ಲಿ, ಅರವತ್ತು ಬಾರಿ ಆ ಚುಕ್ಕಿಗೆ ಹೊಡೆಯಬೇಕು!

ಕಳೆದ ವರ್ಷ ಒಂಬತ್ತನೇ ತರಗತಿಯಲ್ಲಿದ್ದಾಗ ಅವಳಿಗೆ ಬೆನ್ನುನೋವು ಶುರುವಾಯಿತು. ಅಭ್ಯಾಸ ಮುಗಿಸಿ ಬಂದರೆ ಸೊಂಟ ಹಿಡಿದುಕೊಂಡೇ ಕೂರುವಳು. ಕುತ್ತಿಗೆ ಒಂದು ಕಡೆಗೆ ವಾಲುತ್ತಿತ್ತು. ಅಂಕಗಳೂ ಇಳಿದವು. ಅವಳು ಬಳಸುತ್ತಿದ್ದುದು ಕ್ಲಬ್ಬಿನ ರೈಫಲ್. ಅವಳಿಗಿಂತ ಗೇಣುದ್ದ ಎತ್ತರದ ಹುಡುಗರೂ ಅದನ್ನೇ ಹಿಡಿಯುತ್ತಿದ್ದರು. “ಅಪ್ಪಾ, ರೈಫಲ್ ಸರಿಯಾಗಿದೆ, ಸ್ಟಾಕ್ ಸರಿಯಿಲ್ಲ. ಬೇರೆ ಕಂಪನಿಯದು ಹಾಕಿಸಿದರೆ ಎಲ್ಲಾ ಸರಿಹೋಗುತ್ತೆ” ಎಂದಳು.

ಸ್ಟಾಕ್ ಎಂದರೆ ನಳಿಗೆಯನ್ನು ಹೊತ್ತುಕೊಂಡಿರುವ ಹಿಡಿಭಾಗ. ಹೆಗಲಿಗೆ ಆನುವುದು, ಕೆನ್ನೆಗೆ ತಾಗುವುದು, ಅಂಗೈಗೆ ಸಿಗುವುದು ಎಲ್ಲಾ ಇದೇ. ಒಂದು ಕಾಲಕ್ಕೆ ಬರೀ ಮರದ್ದಿತ್ತು, ಈಗ ಅಲ್ಯುಮಿನಿಯಮ್ಮಿನದೂ ಉಂಟು. ರೈಫಲ್ ಮಾಡಿದ ಕಂಪನಿಯೇ ಕೊಟ್ಟ ಸ್ಟಾಕ್ ಒಗ್ಗದಿದ್ದರೆ ಅದನ್ನು ಕಳಚಿ ಬೇರೆಯವರು ಮಾಡಿದ್ದನ್ನು ಹಾಕಿಕೊಳ್ಳಬಹುದು. ಮಗಳು ನನ್ನ ಮುಂದೆ ಹರಡಿದ ಕ್ಯಾಟಲಾಗುಗಳಲ್ಲಿ ಹೆಸರುಗಳ ಜಾತ್ರೆಯೇ ಇತ್ತು. ಜರ್ಮನಿಯ ಆನ್ಶುಟ್ಸ್, ವಾಲ್ಟರ್, ಫೈನ್‌ವೆರ್ಕ್‌ಬೌ, ಡಾರ್ಟ್‌ಮುಂಡ್‌ನ ಎಂ.ಇ.ಸಿ., ಸ್ವಿಟ್ಜರ್‌ಲೆಂಡಿನ ಗ್ರ್ಯೂನಿಗ್ ಅಂಡ್ ಎಲ್ಮಿಗರ್... ಪ್ರತಿಯೊಂದರ ಪಕ್ಕದಲ್ಲೂ ಪದಕ ಧರಿಸಿ ನಗುತ್ತಿರುವ ಒಬ್ಬ ಚಾಂಪಿಯನ್! ಒಳ್ಳೆಯದೊಂದರ ಬೆಲೆ ನನ್ನಂಥ ಹೈಸ್ಕೂಲು ಮೇಷ್ಟರ ಎರಡು ತಿಂಗಳ ಸಂಬಳ ನುಂಗುವಂತಿತ್ತು. ಚೀಟಿ ಎತ್ತಿದರೆ ಆದೀತು, ನಿಜ. ಆದರೆ ಯಾವುದಕ್ಕೆ ಸುರಿಯುವುದು? ಬರುವ ವರ್ಷ ಎಸ್ಸೆಸ್ಸೆಲ್ಸಿ ಬೇರೆ. “ಮೊದಲು ಟ್ಯೂಷನ್ನಿಗೆ ಕಟ್ಟಿ” ಎಂದಳು ನನ್ನ ಹೆಂಡತಿ. ಮನೆಯಲ್ಲಿ ಮೂವರದೂ ಮೂರು ದಾರಿಯಾಯಿತು.

ಹೀಗಿರುವಾಗ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿರುವ ನನ್ನ ಬಾಮೈದ ಬೇಸಿಗೆ ರಜಕ್ಕೆ ನಮ್ಮನ್ನೆಲ್ಲ ಕರೆಸಿಕೊಂಡ. ನಕಾಶೆ ಬಿಡಿಸಿ ನೋಡಿದರೆ ಆಶ್ಚರ್ಯ ಕಾದಿತ್ತು. ಮಗಳ ಕ್ಯಾಟಲಾಗಿನ ಐದು ಹೆಸರುಗಳಲ್ಲಿ ಮೂರು ಅವನ ಮನೆಯಿಂದ ಒಂದೊಂದು ದಿನದ ಪ್ರಯಾಣದೊಳಗೇ ಇದ್ದವು. ಫೈನ್‌ವೆರ್ಕ್‌ಬೌ ಇರುವುದು ನೆಕರ್ ನದಿಯ ಕಣಿವೆಯ ಓಬರ್ನ್‌ಡಾರ್ಫ್‌ನಲ್ಲಿ. ಆನ್ಶುಟ್ಸ್, ವಾಲ್ಟರ್ ಎರಡೂ ಡ್ಯಾನ್ಯೂಬ್ ದಡದ ಉಲ್ಮ್ ಪಟ್ಟಣದಲ್ಲಿ. “ನೋಡಿಯೇ ಬಿಡೋಣ ಭಾವ” ಎಂದ ಬಾಮೈದ.

ಒಂದೇ ಅಳತೆಯ ಸಾಲು

ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ ಹೊರಟ ರೈಲು ಊರು ದಾಟಿದ ಮೇಲೆ ಹಸಿರಿನೊಳಕ್ಕೆ ಇಳಿಯುತ್ತದೆ. ಹೊಲಗಳು ಮುಗಿದು ಕಣಿವೆ ಕಿರಿದಾಗುತ್ತ ಹೋಗಿ, ಎರಡೂ ಬದಿಗೆ ಕಾಡು ಹೊದ್ದ ಗುಡ್ಡಗಳು ನಿಲ್ಲುತ್ತವೆ. ಕೆಳಗೆ ತೆಳ್ಳಗೆ ಹರಿಯುವ ನೆಕರ್. ಓಬರ್ನ್‌ಡಾರ್ಫ್‌ನ ರೈಲು ನಿಲ್ದಾಣವಿರುವುದು ಕಣಿವೆಯ ತಳದಲ್ಲಿ. ಹಳೆಯ ಊರು ಮೇಲೆ, ಗುಡ್ಡದ ಹೆಗಲ ಮೇಲೆ. ಸಕಲೇಶಪುರದ ಕಡೆಯ ಸಣ್ಣ ಪೇಟೆಯೊಂದಕ್ಕೆ ಬಂದಿಳಿದ ಹಾಗೆ ಅನಿಸಿತು.

ನೋಡಿದರೆ ಸಾಧು ಊರು. ಆದರೆ ಇದರ ಚರಿತ್ರೆ ಸಾಧುವಲ್ಲ. 1811ರಲ್ಲಿ ವ್ಯುರ್ಟೆಂಬರ್ಗ್‌ನ ರಾಜ ಇಲ್ಲಿನ ಅಗಸ್ಟೀನಿಯನ್ ಸನ್ಯಾಸಿಗಳ ಹಳೆಯ ಮಠದಲ್ಲಿ ಬಂದೂಕಿನ ಕಾರ್ಖಾನೆ ತೆರೆದ. ಜಪಮಾಲೆ ಎಣಿಸುತ್ತಿದ್ದ ಕೋಣೆಗಳಲ್ಲಿ ನಳಿಗೆ ಎಣಿಸತೊಡಗಿದರು. ಆ ಕಾರ್ಖಾನೆಯ ಕೆಲಸಗಾರನೊಬ್ಬನ ಮಕ್ಕಳೇ ವಿಲ್‌ಹೆಲ್ಮ್ ಮತ್ತು ಪೌಲ್ ಮೌಸರ್. ಈ ಅಣ್ಣತಮ್ಮಂದಿರ ಹೆಸರಿನ ರೈಫಲ್ಲುಗಳು ಮುಂದೆ ಹಲವು ದೇಶಗಳ ಸೈನ್ಯಗಳ ಹೆಗಲೇರಿದವು, ಎರಡು ಮಹಾಯುದ್ಧಗಳನ್ನು ಕಂಡವು. ಎರಡನೆಯ ಯುದ್ಧದ ಹೊತ್ತಿಗೆ ಇಲ್ಲಿ ದುಡಿದವರಲ್ಲಿ ಬೇರೆ ದೇಶಗಳಿಂದ ಬಲವಂತವಾಗಿ ಹಿಡಿದು ತಂದವರೂ ಸಾವಿರಾರು ಮಂದಿ ಇದ್ದರು.

ಮೌಸರ್ ಕಾರ್ಖಾನೆಯ ಹಳೆಯ ಕಟ್ಟಡವೊಂದು ಈಗ ವಸ್ತುಸಂಗ್ರಹಾಲಯ. ಹೆಸರು ‘ಶ್ವೇಡನ್‌ಬೌ’, ಅಂದರೆ ಸ್ವೀಡನ್ ಕಟ್ಟಡ. ಸ್ವೀಡನ್ನಿನ ಬೇಡಿಕೆ ಪೂರೈಸಲು ಕಟ್ಟಿದ್ದರಿಂದ ಆ ಹೆಸರು. ಒಳಗೆ ಗಾಜಿನ ಹಿಂದೆ ಸಾಲುಸಾಲು ರೈಫಲ್. ಮಗಳು ಒಂದೊಂದರ ಮುಂದೂ ನಿಂತು ಕಣ್ಣಲ್ಲೇ ಅಳೆಯುತ್ತಿದ್ದವಳು ಇದ್ದಕ್ಕಿದ್ದಂತೆ, “ಅಪ್ಪಾ, ಒಂದು ಮಾದರಿಯ ಸ್ಟಾಕ್‌ಗಳೆಲ್ಲ ಒಂದೇ ಉದ್ದ! ಕುಳ್ಳಗಿದ್ದ ಸೈನಿಕರು ಏನು ಮಾಡ್ತಿದ್ರು?” ಎಂದು ಕೇಳಿದಳು.

“ಅವರೇ ಹೊಂದಿಕೊಳ್ಳಬೇಕಿತ್ತು ಪುಟ್ಟಿ” ಎಂದ ಬಾಮೈದ. “ಸೈನ್ಯ ಒಬ್ಬೊಬ್ಬರಿಗೂ ಅಳತೆ ತಗೊಂಡು ಕೂರುತ್ತಾ?”

ನಾನು ಅಲ್ಲೇ ನಿಂತೆ. ಮಗಳ ಕ್ಲಬ್ಬಿನಲ್ಲಿ ಆಗುತ್ತಿದ್ದುದೂ ಅದೇ ಅಲ್ಲವೇ? ಅಷ್ಟೇಕೆ, ಅರವತ್ತು ಮಕ್ಕಳಿಗೆ ಒಂದೇ ಪಾಠ ಒಂದೇ ವೇಗದಲ್ಲಿ ಒಪ್ಪಿಸುವ ನನ್ನ ತರಗತಿಯೂ ನೆನಪಾಗದೆ ಇರಲಿಲ್ಲ.

ಯುದ್ಧ ಮುಗಿದ ಮೇಲೆ ಈ ವಲಯ ಫ್ರೆಂಚರ ಕೈಗೆ ಬಂತು. ಅವರು ಮೌಸರ್ ಕಾರ್ಖಾನೆಯನ್ನು ಬಿಚ್ಚಿಹಾಕಿದರು. ಕೆಲಸ ಕಳೆದುಕೊಂಡ ಎಂಜಿನಿಯರುಗಳಲ್ಲಿ ಇಬ್ಬರು, ಕಾರ್ಲ್ ವೆಸ್ಟಿಂಗರ್ ಮತ್ತು ಎರ್ನ್‌ಸ್ಟ್ ಆಲ್ಟೆನ್‌ಬುರ್ಗರ್, ಕಟ್ಟಿದ ಸಂಸ್ಥೆಯೇ ಫೈನ್‌ವೆರ್ಕ್‌ಬೌ. ‘ನಯವಾದ ಯಂತ್ರಕೆಲಸ’ ಎಂಬ ಅರ್ಥದ ಹೆಸರದು. 1960ರ ದಶಕದಿಂದ ಈಚೆಗೆ ಏರ್ ರೈಫಲ್ ಆಟಗಾರರಿಗೆ ಅದು ಮನೆಮಾತು. ಕಾರ್ಖಾನೆ ನಮ್ಮಂಥವರು ಒಳಗೆ ಹೊಕ್ಕು ನೋಡುವ ಜಾಗವಲ್ಲ. ಊರು ಸುತ್ತಿ, ನದಿಯ ಪಕ್ಕದ ಬೆಂಚಿನ ಮೇಲೆ ಕುಳಿತು, ಬೆಣ್ಣೆ ಸವರಿದ ಬ್ರೆಟ್ಸೆಲ್ ತಿಂದು ರೈಲು ಹತ್ತಿದೆವು.

ಹಳ್ಳಿಯ ಕ್ಲಬ್ಬಿನ ಹಿರಿಯರು

ಜರ್ಮನಿಯಲ್ಲಿ ಶೂಟಿಂಗ್ ದೊಡ್ಡವರ ಗೀಳಷ್ಟೇ ಅಲ್ಲ. ಹಳ್ಳಿಹಳ್ಳಿಯಲ್ಲೂ ‘ಶುಟ್ಸನ್‌ಫೆರಾಯ್ನ್’ ಎಂಬ ಸಂಘಗಳಿವೆ. ನಮ್ಮಲ್ಲಿ ಭಜನಾ ಮಂಡಳಿ, ಯುವಕ ಸಂಘ ಇದ್ದ ಹಾಗೆ. ಇವುಗಳ ರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1861ರಲ್ಲಿ. ಸದಸ್ಯರ ಸಂಖ್ಯೆ ಹದಿಮೂರು ಲಕ್ಷದ ಆಸುಪಾಸು! ಮಕ್ಕಳು ಏರ್ ರೈಫಲ್ ಹಿಡಿಯಬೇಕಾದರೆ ಹನ್ನೆರಡು ತುಂಬಿರಬೇಕು, ಪೋಷಕರ ಒಪ್ಪಿಗೆ ಇರಬೇಕು, ತರಬೇತಾದ ಹಿರಿಯರೊಬ್ಬರು ಪಕ್ಕದಲ್ಲೇ ನಿಂತಿರಬೇಕು. ಅದಕ್ಕಿಂತ ಚಿಕ್ಕವರಿಗೆ ಗುಂಡಿನ ಬದಲು ಬೆಳಕಿನ ಕಿರಣ ಹೊಡೆಯುವ ಆಟದ ರೈಫಲ್.

ಬಾಮೈದನ ನೆರೆಮನೆಯವರು ಇಂಥದೊಂದು ಸಂಘದ ಸದಸ್ಯರು. ಗುರುವಾರ ಸಂಜೆ ನಮ್ಮನ್ನು ಕರೆದೊಯ್ದರು. ಮುಂದೆ ಒಂದು ಸಣ್ಣ ಹೋಟೆಲು, ಹಿಂದೆ ಉದ್ದನೆಯ ಕೋಣೆ, ಗೋಡೆ ತುಂಬ ಹಳೆಯ ಗುರಿಫಲಕಗಳು. ಅಲ್ಲಿ ಮಕ್ಕಳಿಗೆ ಕಲಿಸುವವರು ಎಪ್ಪತ್ತು ದಾಟಿದ ಹಿರಿಯರು, ಬಡಗಿ ಕೆಲಸದಿಂದ ನಿವೃತ್ತರಾದವರು. ನಾನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಮಗಳು ಕ್ಯಾಟಲಾಗು ತೆರೆದು, “ಇವುಗಳಲ್ಲಿ ಯಾವುದು ಒಳ್ಳೆಯದು?” ಎಂದು ಬಾಮೈದನ ಮೂಲಕ ಕೇಳಿಸಿದಳು.

ಹಿರಿಯರು ಕ್ಯಾಟಲಾಗಿನತ್ತ ನೋಡಲೂ ಇಲ್ಲ. “ಮೊದಲು ನಿಂತು ತೋರಿಸು” ಎಂದರು.

ಕ್ಲಬ್ಬಿನ ರೈಫಲ್ಲೊಂದನ್ನು ಅವಳ ಕೈಗಿತ್ತರು. ಅವಳು ಮೈಸೂರಿನಲ್ಲಿ ನಿಲ್ಲುವಂತೆಯೇ ನಿಂತಳು. ಸೊಂಟ ಹಿಂದಕ್ಕೆ ಬಾಗಿತ್ತು, ಕುತ್ತಿಗೆ ಮುಂದಕ್ಕೆ ಚಾಚಿ ವಾಲಿತ್ತು. ಅವರು ಹೇಳಿದ್ದು ಇಷ್ಟು: “ಕಣ್ಣು ಮುಚ್ಚು. ಮೈ ಸಡಿಲ ಬಿಡು. ತಲೆ ನೆಟ್ಟಗೆ ಇರಲಿ. ಈಗ ಕಣ್ಣು ತೆರೆ. ಗುರಿ ಕಾಣುತ್ತದೆಯೇ?”

ಕಾಣಲಿಲ್ಲ. ಕಣ್ಣಿನೆದುರು ಬರಬೇಕಾದ ಹಿಂದಿನ ಸೈಟು ಎಷ್ಟೋ ಕೆಳಗಿತ್ತು.

“ನೋಡು, ರೈಫಲ್ ನಿನ್ನ ಹತ್ತಿರ ಬರುತ್ತಿಲ್ಲ, ನೀನೇ ಅದರ ಹತ್ತಿರ ಹೋಗುತ್ತಿದ್ದೀಯ. ಅರವತ್ತು ಗುಂಡಿಗೆ ಅರವತ್ತು ಸಲ ಬಗ್ಗಿದರೆ ಬೆನ್ನು ನೋಯದೆ ಇನ್ನೇನು?” ಎಂದು ಜೇಬಿನಿಂದ ಅಲೆನ್ ಕೀ ತೆಗೆದರು.

ಮುಂದಿನ ಮುಕ್ಕಾಲು ಗಂಟೆ ಅವರು ಮಾಡಿದ್ದು ದರ್ಜಿಯ ಕೆಲಸ. ಅವಳ ಮೊಣಕೈ ಮಡಚಿಸಿ, ಮಡಿಕೆಯಿಂದ ಟ್ರಿಗರ್ ಒತ್ತುವ ಬೆರಳಿನವರೆಗೆ ಅಳೆದರು. ಸ್ಟಾಕ್‌ನ ಹಿಂಬದಿಯಿಂದ ಒಂದು ಬಿಲ್ಲೆ ತೆಗೆದು ಉದ್ದ ಕಡಿಮೆ ಮಾಡಿದರು. ಹೆಗಲಿಗೆ ಆನುವ ಬಟ್ ಪ್ಲೇಟನ್ನು ಕೆಳಕ್ಕೆ ಸರಿಸಿದಾಗ ರೈಫಲ್ ತಾನೇ ಮೇಲೆದ್ದು ಬಂತು. ಕೆನ್ನೆ ಊರುವ ಪಟ್ಟಿಯನ್ನು ಎತ್ತರಿಸಿದರು. ಎಡ ಮೊಣಕೈ ಸೊಂಟದ ಎಲುಬಿನ ಮೇಲೆ ಕೂರುವಂತೆ ಕೈ ಹಿಡಿಯುವ ಜಾಗವನ್ನು ಸರಿಪಡಿಸಿದರು. “ಭಾರ ಹೊರಬೇಕಾದ್ದು ಎಲುಬು, ಸ್ನಾಯುವಲ್ಲ. ಸ್ನಾಯು ದಣಿಯುತ್ತದೆ, ಎಲುಬು ದಣಿಯುವುದಿಲ್ಲ.” ಪ್ರತಿ ಬದಲಾವಣೆಯ ನಂತರವೂ ಅದೇ ಮಾತು: ಕಣ್ಣು ಮುಚ್ಚು, ತೆರೆ.

ಐದನೆಯ ಬಾರಿಯೋ ಆರನೆಯ ಬಾರಿಯೋ ಕಣ್ಣು ತೆರೆದ ಮಗಳು ಮಾತಾಡಲಿಲ್ಲ, ಸುಮ್ಮನೆ ನಕ್ಕಳು. ಸೈಟಿನ ನಡುವೆ ಗುರಿಯ ಕಪ್ಪು ವೃತ್ತ ತಾನಾಗಿ ಬಂದು ನಿಂತಿತ್ತು.

ಆಮೇಲೆ ಚಹಾ ಕುಡಿಯುತ್ತ ಅವರು ಕಂಪನಿಗಳ ಮಾತಿಗೆ ಬಂದರು. ಹೇಳಿದ್ದನ್ನು ನಾನು ಬರೆದುಕೊಂಡೆ. ಈ ಹೆಸರುಗಳಲ್ಲಿ ಯಾವುದೂ ಕಳಪೆಯಲ್ಲ. ಎಲ್ಲ ಕಂಪನಿಯ ಸ್ಟಾಕ್ ಹಿಡಿದವರೂ ಗೆದ್ದಿದ್ದಾರೆ, ಸೋತೂ ಇದ್ದಾರೆ. ಕೇಳಬೇಕಾದ ಪ್ರಶ್ನೆಗಳು ಬೇರೆ. ನಿಮ್ಮಲ್ಲಿರುವ ರೈಫಲ್ಲಿನ ನಳಿಗೆ, ಯಂತ್ರಭಾಗ ಅದರೊಳಗೆ ಕೂರುತ್ತದೆಯೇ? ಒಂದು ಕಂಪನಿಯ ರೈಫಲ್ಲಿಗೆ ಕೊರೆದ ಸ್ಟಾಕ್ ಇನ್ನೊಂದಕ್ಕೆ ಕೂರುವುದಿಲ್ಲ. ಬಲಗೈಯವರದೋ, ಎಡಗೈಯವರದೋ? ಉದ್ದ, ಕೆನ್ನೆ, ಹೆಗಲು ಮೂರನ್ನೂ ಬೇರೆಬೇರೆಯಾಗಿ ಹೊಂದಿಸಲು ಬರುತ್ತದೆಯೇ? ಬೆಳೆಯುವ ಮಕ್ಕಳಿಗೆ ಇದೇ ಮುಖ್ಯ. ಸ್ಕ್ರೂ ಒಂದು ಕಳೆದುಹೋದರೆ ನಿಮ್ಮೂರಲ್ಲಿ ಸಿಗುತ್ತದೆಯೇ? ಕೊನೆಯದಾಗಿ ತೂಕ. ಸ್ಪರ್ಧೆಯಲ್ಲಿ ಏರ್ ರೈಫಲ್ ಐದೂವರೆ ಕಿಲೋ ಮೀರುವಂತಿಲ್ಲ. ಹಾಗೆಂದು ಹದಿನೈದರ ಹುಡುಗಿ ಐದೂವರೆ ಕಿಲೋವನ್ನೇ ಹೊರಬೇಕೆಂದೇನೂ ಇಲ್ಲ.

“ಮರವೋ, ಅಲ್ಯುಮಿನಿಯಮ್ಮೋ?” ಎಂದು ನಾನು ಕೇಳಿದೆ. ಹಳೆಯ ಬಡಗಿ ನಕ್ಕರು. ಅಕ್ರೋಟು, ಬೀಚ್ ಮರಗಳ ಸ್ಟಾಕ್ ಕೆನ್ನೆಗೆ ಹಿತ, ನೋಡಲೂ ಚೆಂದ. ಆದರೆ ಮರ ತೇವ ಕುಡಿಯುತ್ತದೆ, ಒಣಗುತ್ತದೆ. ತೆಳು ಪದರಗಳನ್ನು ಅಂಟಿಸಿ ಮಾಡಿದ ಮರದಲ್ಲಿ ಈ ಕಾಟ ಕಡಿಮೆ. ಅಲ್ಯುಮಿನಿಯಂ ಮಳೆಗಾಲಕ್ಕೆ ಜಗ್ಗುವುದಿಲ್ಲ, ಹೊಂದಿಸಲು ಹೆಚ್ಚು ಅವಕಾಶ. ಆದರೆ ಅತಿಯಾದ ಸ್ಕ್ರೂಗಳೇ ಕೆಲವು ಮಕ್ಕಳಿಗೆ ಶತ್ರು. “ಒಂದು ಕೆಟ್ಟ ಗುಂಡು ಬಿದ್ದೊಡನೆ ಸ್ಕ್ರೂ ತಿರುಗಿಸುತ್ತಾರೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು. ಬರೆದಿಡು. ಎರಡು ವಾರ ಕಾಯಿ.”

ಹೊರಡುವಾಗ ಒಂದು ಚೀಟಿಯ ಮೇಲೆ ಅವಳ ಅಳತೆಗಳನ್ನೆಲ್ಲ ಬರೆದು ಕೊಟ್ಟರು. “ಹೊಸದನ್ನು ಕೊಳ್ಳುವ ಮೊದಲು ಹಳೆಯದನ್ನು ಇದಕ್ಕೆ ಹೊಂದಿಸಿ ನೋಡಿ” ಎಂದರು.

ಗುಬ್ಬಿಯ ಊರು

ಉಲ್ಮ್‌ಗೆ ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಒಂದು ಗಂಟೆಯೂ ಬೇಡ. ಊರು ಇನ್ನೂ ದೂರವಿರುವಾಗಲೇ ಚರ್ಚಿನ ಗೋಪುರ ಕಾಣಿಸುತ್ತದೆ. 1377ರಲ್ಲಿ ಅಡಿಗಲ್ಲು ಬಿದ್ದ ಈ ಮ್ಯುನ್‌ಸ್ಟರ್ ಪೂರ್ತಿಯಾದದ್ದು 1890ರಲ್ಲಿ. ಎತ್ತರ 161 ಮೀಟರಿಗೂ ಮಿಗಿಲು. 2025ರಲ್ಲಿ ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಮೀರಿಸುವ ತನಕ ಜಗತ್ತಿನ ಅತಿ ಎತ್ತರದ ಚರ್ಚು ಇದೇ. 1944ರ ಡಿಸೆಂಬರ್ 17ರ ಬಾಂಬು ದಾಳಿಯಲ್ಲಿ ಹಳೆಯ ಊರು ಸುಟ್ಟು ಬೂದಿಯಾದಾಗಲೂ ಗೋಪುರ ಉಳಿಯಿತು. ಐನ್‌ಸ್ಟೈನ್ 1879ರಲ್ಲಿ ಹುಟ್ಟಿದ್ದೂ ಈ ಊರಿನಲ್ಲಿಯೇ.

ಆನ್ಶುಟ್ಸ್ ಮತ್ತು ವಾಲ್ಟರ್ ಮೂಲತಃ ಉಲ್ಮ್‌ನವಲ್ಲ. ಎರಡರ ತವರೂ ದೂರದ ಥುರಿಂಗಿಯಾ ಕಾಡಿನ ಚೆಲ್ಲಾ-ಮೇಲಿಸ್. ಆನ್ಶುಟ್ಸ್ ಅಲ್ಲಿ ಆರಂಭವಾದದ್ದು 1856ರಲ್ಲಿ, ವಾಲ್ಟರ್ 1886ರಲ್ಲಿ. ಯುದ್ಧದ ನಂತರ ಆ ಪ್ರದೇಶ ಸೋವಿಯತ್ ವಲಯಕ್ಕೆ ಸೇರಿತು. ಎರಡೂ ಕುಟುಂಬಗಳು ಮನೆ, ಕಾರ್ಖಾನೆ ಬಿಟ್ಟು ಪಶ್ಚಿಮಕ್ಕೆ ಬಂದು ಉಲ್ಮ್‌ನಲ್ಲಿ ಮೊದಲಿನಿಂದ ಶುರುಮಾಡಿದವು. ಒಂದೇ ಊರಿಂದ ಗುಳೆ ಬಂದ ಎರಡು ಕಂಪನಿಗಳು ಮತ್ತೆ ಒಂದೇ ಊರಿನಲ್ಲಿ ನೆಲೆ ನಿಂತು ಇಂದಿಗೂ ಪೈಪೋಟಿಗೆ ನಿಂತಿವೆ! ಮಗಳ ಕ್ಯಾಟಲಾಗಿನಲ್ಲಿ ಅವು ಪಕ್ಕಪಕ್ಕದ ಪುಟಗಳು.

ಆದರೆ ಊರ ತುಂಬ ಕಾಣುವುದು ಬಂದೂಕಲ್ಲ, ಗುಬ್ಬಿ. ಅಂಗಡಿಯ ಕಿಟಕಿಯಲ್ಲಿ ಗುಬ್ಬಿ, ಬೀದಿಯಲ್ಲಿ ಬಣ್ಣ ಬಳಿದ ಗುಬ್ಬಿ, ಚರ್ಚಿನ ಮಾಡಿನ ಮೇಲೂ ಕೊಕ್ಕಿನಲ್ಲಿ ಕಡ್ಡಿ ಕಚ್ಚಿದ ಗುಬ್ಬಿ! ಇದರ ಕತೆಯನ್ನು ಬಾಮೈದ ಹೇಳಿದ. ಚರ್ಚು ಕಟ್ಟುವಾಗ ಉದ್ದನೆಯ ತೊಲೆಯೊಂದನ್ನು ಗಾಡಿಯ ಮೇಲೆ ಅಡ್ಡಡ್ಡ ಹೇರಿ ತಂದರಂತೆ. ಕೋಟೆಯ ಬಾಗಿಲಲ್ಲಿ ಅದು ಹಿಡಿಸಲಿಲ್ಲ. ಎಳೆದರು, ನೂಕಿದರು, ಕೊನೆಗೆ ಬಾಗಿಲನ್ನೇ ಒಡೆಯುವುದೆಂದು ತೀರ್ಮಾನಿಸಿದರು. ಆಗ ಗುಬ್ಬಿಯೊಂದು ಹುಲ್ಲುಕಡ್ಡಿ ಕಚ್ಚಿಕೊಂಡು ಗೂಡಿಗೆ ಬಂತು. ಕಡ್ಡಿ ಅಡ್ಡವಾಗಿ ತಡೆಯಿತು. ಗುಬ್ಬಿ ಗೂಡು ಕೆಡವಲಿಲ್ಲ, ಕಡ್ಡಿಯನ್ನು ಉದ್ದಕ್ಕೆ ತಿರುಗಿಸಿಕೊಂಡು ಒಳಗೆ ಹೋಯಿತು. ಬಡಗಿಗಳು ಮುಖ ಮುಖ ನೋಡಿಕೊಂಡು ತೊಲೆ ತಿರುಗಿಸಿದರು.

ಮಗಳು ಬಹಳ ಹೊತ್ತು ಮಾಡಿನತ್ತ ನೋಡುತ್ತ ನಿಂತಳು. ಸಂಜೆ ಡ್ಯಾನ್ಯೂಬ್ ದಡದಲ್ಲಿ ನಡೆಯುವಾಗ ಅವಳೇ ಬಾಯಿಬಿಟ್ಟಳು: “ಅಪ್ಪಾ, ಈಗ ಸ್ಟಾಕ್ ಬೇಡ. ಊರಿಗೆ ಹೋಗಿ ಚೀಟಿಯ ಅಳತೆ ಹಾಕಿ ನೋಡ್ತೀನಿ.” ಸ್ವಲ್ಪ ತಡೆದು, “ಆದರೆ ನಾನು ಬಿಡ್ತಾ ಇಲ್ಲ. ಎಸ್ಸೆಸ್ಸೆಲ್ಸಿ ಅಂತ ಬಿಡಿಸಬೇಡಿ” ಎಂದಳು.

ಅವಳ ಭಯ ಸ್ಟಾಕ್‌ನದಲ್ಲ ಎಂದು ನನಗೆ ತಿಳಿದದ್ದು ಆಗ. ಹೊಸ ಸ್ಟಾಕ್ ಬಂದರೆ ಅಪ್ಪ ಅಮ್ಮ ಆಟ ಬಿಡಿಸಲಾರರು ಎಂಬ ಲೆಕ್ಕ ಅವಳದಾಗಿತ್ತು. ಅವಳ ಅಮ್ಮ ನನ್ನ ಮುಖ ನೋಡಿದಳು. “ಬಿಡಿಸಲ್ಲ, ಆದರೆ ಬೆನ್ನು ನೋವು ಅಂತ ಮುಚ್ಚಿಡಬೇಡ” ಎಂದಳು.

ಬಿಲ್ಲೆ ಒಳಗೇ ಇತ್ತು

ಮೈಸೂರಿಗೆ ಬಂದ ಮರುವಾರ ಕ್ಲಬ್ಬಿನಲ್ಲಿ ಅನುಮತಿ ಕೇಳಿ ಅದೇ ಹಳೆಯ ರೈಫಲ್ಲಿನ ಬಟ್ ಪ್ಲೇಟ್ ಬಿಚ್ಚಿದೆವು. ಒಳಗೆ ಎರಡು ಬಿಲ್ಲೆಗಳು ಧೂಳು ಹಿಡಿದು ಕುಳಿತಿದ್ದವು! ಅವನ್ನು ತೆಗೆದರೆ ಉದ್ದ ಕಡಿಮೆಯಾಗುತ್ತದೆಂದು ಯಾರೂ ನೋಡಿರಲಿಲ್ಲ. ನಾವೂ ಕೇಳಿರಲಿಲ್ಲ. ಕೆನ್ನೆಪಟ್ಟಿಯ ಸ್ಕ್ರೂ ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ತಿರುಗಿಸಿದೆವು. ಬೇರೆ ಮಕ್ಕಳೂ ಅದನ್ನೇ ಬಳಸುವುದರಿಂದ ಈಗ ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿದ್ದಾರೆ. ಯಾರಿಗೆ ಎಷ್ಟು ಉದ್ದ, ಎಷ್ಟು ಎತ್ತರ ಎಂದು ಅದರಲ್ಲಿ ಬರೆದಿದೆ.

ಬೆನ್ನುನೋವು ಮಾಯವಾಯಿತು ಎಂದರೆ ಉತ್ಪ್ರೇಕ್ಷೆಯಾದೀತು. ವೈದ್ಯರು ಹೇಳಿದ ವ್ಯಾಯಾಮವೂ ನಡೆದಿದೆ. ಆದರೆ ಸೊಂಟ ಹಿಡಿದು ಕೂರುವುದು ನಿಂತಿದೆ, ಅಂಕಗಳು ಮೆಲ್ಲಗೆ ಮೇಲೇರುತ್ತಿವೆ. ಚೀಟಿ ಹಣ ಹಾಗೇ ಇದೆ. ಎಸ್ಸೆಸ್ಸೆಲ್ಸಿ ಮುಗಿದು, ಎತ್ತರ ಒಂದು ಹಂತಕ್ಕೆ ನಿಂತ ಮೇಲೆ, ಹಿರಿಯರ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಅವಳೇ ಆರಿಸಿಕೊಳ್ಳಲಿ. ಅದು ಓಬರ್ನ್‌ಡಾರ್ಫ್‌ನದೋ, ಉಲ್ಮ್‌ನದೋ, ಡಾರ್ಟ್‌ಮುಂಡ್‌ನದೋ, ನನಗೆ ಚಿಂತೆಯಿಲ್ಲ.

ಉಲ್ಮ್‌ನಿಂದ ತಂದ ಮರದ ಪುಟ್ಟ ಗುಬ್ಬಿ ಅಜ್ಜಿಯ ದೇವರ ಗೂಡಿನ ಪಕ್ಕದಲ್ಲಿದೆ. ಬಂದೂಕಿನ ಊರಿಗೆ ಹೋದವರು ಗುಬ್ಬಿ ತಂದರಲ್ಲ ಎಂದು ಅಜ್ಜಿಗೆ ಸಮಾಧಾನ!

ಹೋಗುವವರಿಗೆ

ಸ್ಟುಟ್‌ಗಾರ್ಟ್‌ನಲ್ಲಿ ಉಳಿದುಕೊಂಡರೆ ಎರಡೂ ಊರುಗಳಿಗೆ ರೈಲಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು. ಓಬರ್ನ್‌ಡಾರ್ಫ್‌ನ ವಸ್ತುಸಂಗ್ರಹಾಲಯದ ಬಾಗಿಲು ಯಾವ ದಿನ ತೆರೆದಿರುತ್ತದೆಂದು ಮೊದಲೇ ತಿಳಿದುಕೊಂಡು ಹೊರಡಿ. ಉಲ್ಮ್‌ನಲ್ಲಿ ಮ್ಯುನ್‌ಸ್ಟರ್ ನೋಡಿದ ಮೇಲೆ ಬ್ಲೌ ಎಂಬ ಸಣ್ಣ ನದಿಯ ಕವಲುಗಳ ನಡುವಿನ ಬೆಸ್ತರ ಕೇರಿಯನ್ನು ತಪ್ಪಿಸಬೇಡಿ. ಗೋಪುರಕ್ಕೆ 768 ಮೆಟ್ಟಿಲು. ದುರಸ್ತಿಯ ಕಾಲದಲ್ಲಿ ತುದಿಯವರೆಗೆ ಬಿಡುವುದಿಲ್ಲ. ರೈಫಲ್ಲಿನ ಯಾವುದೇ ಭಾಗವನ್ನು ಊರಿಗೆ ತರುವ ಯೋಚನೆಯಿದ್ದರೆ, ಆಮದಿನ ನಿಯಮಗಳನ್ನು ನಿಮ್ಮ ರೈಫಲ್ ಸಂಘದ ಮೂಲಕ ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.